ಖಾಲಿ ಕೂರಿಗಿ

ನಮ್ಮ ಕಾಕಾನ ಮ್ಯಾಲೆ ನನಗ ಸಿಟ್ಟು ಐತಿ. ಇತ್ತು ಅನ್ನಾಂಗಿಲ್ಲ, ಐತಿ. ಅಂವ ತೀರಿಕೊಂಡು ಎಷ್ಟೋ ವರ್ಷ ಆತು, ಆದ್ರೂ ಐತಿ.

ತೊಂಬತ್ತರ ದಶಕ ಮುಗಿಯೂ ಹೊತ್ತಿನ ಮಾತು. ಅಪ್ಪ ಹೋಗಿ ಇನ್ನೂ ತಿಂಗಳಾಗಿರಲಿಲ್ಲ, ಅಪ್ಪನ ತಮ್ಮ, ಅಂದ್ರ ಈ ಕಾಕಾ, ಊರ ಹಿರ್ಯಾರನ್ನ ಪಂಚಾಯ್ತಿ ಕಟ್ಟಿಗೆ ಕೂಡಿಸಿದ. ಹೂಲಿಗೆ ಹೋಗೂ ದಾರಿಗೆ ಹತ್ತಿಕೊಂಡು ನಮ್ಮ ಎರಿ ಹೊಲ, ಅದರ ಬಾಜೂಕ ಅವಂದು. "ಮನ್ಯಾಗ ಉಳಿದಾರು ತಾಯಿ ಮಗಳು ಇಬ್ರೇ. ಹೆಣ್ಮಕ್ಕಳಿಗೆ ಹದಾ ತಿಳೀತೈತೇನ್ರಿ? ಆ ಹೊಲಾ ನಾ ಮಾಡತೇನಿ" ಅಂದ. ಹಿರ್ಯಾರು ಒಂದು ಹಿಂಗಾರಿ ಗಡುವು ಕೊಟ್ರು. ಜೋಳ ಚಲೋ ಬಂದ್ರ ಹೊಲಾ ನಮ್ಮ ಕೈಯಾಗ, ಇಲ್ಲಾಂದ್ರ ಕಾಕಾನ ಕೈಗೆ. ಅವನ ಕೈಗೆ ಹೋದದ್ದು ಹೊಳ್ಳಿ ಬರೂದಿಲ್ಲಂತ ಅವ್ವಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಿ ಅಂದ್ರ ಕರಿ ಮಣ್ಣು, ಅದರ ಸ್ವಭಾವ ಬ್ಯಾರೆ. ಮಳಿ ನೀರು ಕುಡದು ಉಬ್ಬತೈತಿ, ಕಾಲಿಗೆ ಅಂಟಿ ಎತ್ತಾಕ ಬಿಡೂದಿಲ್ಲ. ಒಣಗಿದ್ರ ಕುಗ್ಗಿ ಕೈ ಹೋಗುವಂಗ ಬಿರೀತೈತಿ. ನೀರು ಕೆಳಗಿಳದು, ಮ್ಯಾಲಿನ ಮಣ್ಣಿನಾಗ ಹಸೀನೂ ಇರಬೇಕು, ಗಾಳೀನೂ ಆಡಬೇಕು. ಅಂಥಾ ಮೂರ್ನಾಕು ದಿನಕ್ಕ ನಮ್ಮ ಕಡೆ ಹದಾ ಅಂತಾರ. ಒಂದು ಮುಷ್ಟಿ ಮಣ್ಣು ಹಿಚುಕಿ ಉಂಡಿ ಮಾಡಿ ಸೊಂಟದೆತ್ತರದಿಂದ ಬಿಟ್ರ ಒಡದು ಪುಡಿ ಆಗಬೇಕು. ಚಪ್ಪಟಿ ಆಗಿ ಕುಂತ್ರ ಇನ್ನೂ ತಡೀಬೇಕು.

ಅಪ್ಪನ ಕೂರಿಗಿ ಬಿತ್ತಾಕ ಹೊಂಟಿತಂದ್ರ ಸುತ್ತಲಿನವರೆಲ್ಲಾ ಬಿತ್ತತಿದ್ರು. ಆದ್ರ ಆ ಉಂಡಿ ಮಾಡೂ ಕೈ ಅಪ್ಪಂದಲ್ಲ, ಅವ್ವಂದು. ಹೊರಗಿನ ಮಂದಿಗೆ ಇದು ಗೊತ್ತಿರಲಿಲ್ಲ. ಅಪ್ಪ ಹೋದ ಮ್ಯಾಲೆ ಅವರು ನಮ್ಮ ಹೊಲದ ಕಡೆ ನೋಡೂದೂ ಬಿಟ್ರು. ಒಂದೇ ಒಲಿ ಮ್ಯಾಲಿನ ರೊಟ್ಟಿ ತಿಂದು ಬೆಳೆದ ಕಾಕಾಗ ಮಾತ್ರ ಗೊತ್ತಿತ್ತು. ಕಟ್ಟಿ ಮ್ಯಾಲೆ ಹಂಗ ಅಂದಾಂವ, ಮಳಿ ನಿಂತ ಮರುದಿನದಿಂದ ಬದುವಿನ ಮ್ಯಾಲೆ ಕುಂತು, ಅವ್ವ ಯಾವಾಗ ಮಣ್ಣು ಹಿಡೀತಾಳಂತ ಕಾಯಾಕ ಹತ್ತಿದ. ನಾಚಿಕಿಗೇಡಿ! ನನಗ ಅಡಿಯಿಂದ ಮುಡಿತನಕಾ ಉರೀತು.

ಅವ್ವ ಮಣ್ಣು ಮುಟ್ಟಿ, "ಇನ್ನೂ ನಾಕ್ ದಿನಾ ತಡೀಬೇಕವಾ" ಅಂದು, ಜಡ್ಡಿಲೆ ಮಲಗಿದ್ದ ತನ್ನ ತಂಗೀನ್ನ ನೋಡಾಕ ಸಿರಸಂಗಿಗೆ ಹೋದ್ಲು. ನಾ ನೀರಿಗೆ ಹೋದಾಗ ಕಾಕಾನ ಹೆಂಡತಿ ಮುಂದ ತಣ್ಣಗ ಅಂದೆ: "ಅವ್ವ ಹದಾ ಐತಿ ಅಂದು ಹೋಗ್ಯಾಳ. ನಾಳೆ ಕೂರಿಗಿ ಹೂಡತೇವಿ."

ಮರುದಿನ ಮುಂಜಾನೆ ಎತ್ತು ಹೂಡಿಸಿದೆ. ಎತ್ತು ಹೊಡೆಯೂ ಮುದುಕಪ್ಪ ನನ್ನ ಖಾಲಿ ಉಡಿ ನೋಡಿ, "ಬೀಜ ಎಲ್ಲೈತಿ ತಂಗಿ?" ಅಂದ. "ನೀವು ಸುಮ್ನ ಹೊಡೀರಿ" ಅಂದೆ. ಕೂರಿಗಿ ಹಿಂದ ನಡಕೋತ, ಉಡ್ಯಾಗ ಕೈ ಹಾಕೋತ, ಬಟ್ಟಲಿಗೆ ಬೀಜ ಬಿಟ್ಟಂಗ ಮುಷ್ಟಿ ಆಡಿಸಿದೆ. ಬದುವಿಗೆ ಹತ್ತಿಕೊಂಡು ಆರು ಸಾಲು. ಕಾಲಿಗೆ ಮಣಗಟ್ಟಲೆ ಮಣ್ಣು. ಮುದುಕಪ್ಪಗ ತಿಳೀತು, ಮೀಸಿ ಅಡಿ ನಕ್ಕ. ಮಧ್ಯಾಹ್ನ ಆಗೂದ್ರಾಗ ಕಾಕಾನ ಹೊಲದಾಗ ಎರಡೆರಡು ಕೂರಿಗಿ! ಸಂಜೀತನಕ ಬಿತ್ತಿದ. ಆವತ್ತಿನಂಥಾ ರುಚಿ ಊಟಾ ನಾ ಮತ್ತ ಉಂಡಿಲ್ಲ.

ಹೊಳ್ಳಿ ಬಂದ ಅವ್ವ ಆ ಸಾಲು ನೋಡಿದ್ಲು, ಎತ್ತಿನ ಹೆಜ್ಜಿ ನೋಡಿದ್ಲು, ನನ್ನ ಮುಖಾ ನೋಡಿದ್ಲು. ಅವು ಆರು ಬಿಟ್ಟು ಉಳಿದ ಹೊಲಾ ಹದದಾಗ ಬಿತ್ತಿಸಿದ್ಲು.

ಕಾಕಾನ ಹೊಲದಾಗ ಕೂರಿಗಿ ಹಲ್ಲು ಹೋದಲ್ಲೆಲ್ಲಾ ಹಸಿ ಮಣ್ಣು ಗ್ವಾಡಿಗೆ ಮೆತ್ತಿದಂಗ ನುಣ್ಣಗಾಗಿತ್ತು. ಬಿಸಲು ಬಿತ್ತು, ಕಲ್ಲಾತು. ಕೆಲವು ಮೊಳಕಿ ಒಳಗೇ ಸತ್ತುವು. ಮ್ಯಾಲೆ ಬಂದವುಗಳ ಬೇರು ಕೆಳಗ ಇಳೀಲಾರದ ಅಡ್ಡ ತಿರುಗಿದುವು. ಗೇಣು ಕೆಳಗ ಬೇಕಾದಷ್ಟು ನೀರು, ಮ್ಯಾಲೆ ಬೆಳಿ ನೀರಡಿಸಿ ಹಳದಿ! ಆಮ್ಯಾಲೆ ಸಾಲಿನುದ್ದಕ್ಕೂ ನೆಲ ಬಿರಿದು, ಇದ್ದ ಬೇರೂ ಹರದು, ಒಳಗಿನ ಹಸೀನೂ ಆರಿ ಹೋತು. ಮತ್ತ ಬಿತ್ತಬೇಕಂದ್ರ ಮಳಿ ಬರಲಿಲ್ಲ. ಕಾಕಾ ಒಂದು ಸಸಿ ಕಿತ್ತು, ಬಾಗಿದ ಬೇರು ಹಿಡಕೊಂಡು ತಾಸುಗಟ್ಟಲೆ ನಿಂತಿದ್ದ. ನಾ ನಮ್ಮ ಹೊಲದಾಗ ಸಾಲಿನ ನಡುವ ಎಡಿಕುಂಟಿ ಹೊಡಿಸಿ ಬಿರುಕು ಮುಚ್ಚಿಸಿಕೋತ ಅವನ್ನ ಕಣ್ತುಂಬ ನೋಡಿದೆ. ನಮ್ಮ ಜೋಳ ಆಳೆತ್ತರ ಬೆಳದು ತೆನಿ ತೂಗಿತು.

ಸುಗ್ಗಿ ಆದ ಮ್ಯಾಲೆ ಮತ್ತ ಕಟ್ಟಿ. "ಇವರು ಮೋಸಾ ಮಾಡ್ಯಾರ್ರಿ" ಅಂದ ಕಾಕಾ. ನಾ ಇದಕ್ಕೇ ಕಾದಿದ್ದೆ. "ಎಂಥಾ ಮೋಸಾ ಕಾಕಾ? ಬಿಡಿಸಿ ಹೇಳ್ರಿ. ನೀವು ಯಾರನ್ನ ನೋಡಿ ಬಿತ್ತಿದ್ರಿ?" ಅಂದೆ. ನಾಕು ಮಂದ್ಯಾಗ ಅದನ್ನ ಹೇಳಾಕ ಅವನ ಮೀಸಿ ಬಿಡೂದಿಲ್ಲ ಅಂತ ನನ್ನ ಲೆಕ್ಕ.

ಅಂವ ನೆಲಾ ನೋಡಿದ. ಆಮ್ಯಾಲೆ ಅವ್ವನ ಕಡೆ ಕೈ ಮಾಡಿ, "ವೈನೀನ್ನ ನೋಡಿ" ಅಂದ. "ಹದಾ ನಮ್ಮ ಅಣ್ಣಗ ತಿಳೀತಿರಲಿಲ್ರಿ, ಆಕೀಗೆ ತಿಳೀತಿತ್ತು. ಇಷ್ಟು ವರ್ಷ ಆಕಿ ಕೈ ಒಮ್ಮೆನೂ ತಪ್ಪಿಲ್ಲ. ಆಕಿ ಹದಾ ಐತಿ ಅಂದಾಳಂತ ಈ ಹುಡುಗಿ ಹೇಳಿದ್ಲು, ಬಿತ್ತಿದೆ. ಅಂದಾಳೋ ಇಲ್ಲೋ ಆಕೀನ್ನೇ ಕೇಳ್ರಿ."

ಹಿರ್ಯಾರು ಅವ್ವನ ಕಡೆ ತಿರುಗಿದ್ರು. "ಏನವಾ, ಹಂಗ ಅಂದಿದ್ದೇನ?"

ಅವ್ವ ಸೆರಗು ಸರಿ ಮಾಡಿಕೊಂಡ್ಲು. ನನ್ನ ಕಡೆ ನೋಡಲಿಲ್ಲ.

"ಹೌದ್ರಿ, ನಾನೇ ಅಂದಿದ್ದೆ. ನನ್ನ ಕೈ ತಪ್ಪಿತು. ನಮ್ಮವೂ ಆರು ಸಾಲು ಹೋಗ್ಯಾವು, ಬೇಕಂದ್ರ ನೋಡಿ ಬರ್ರಿ."

"ಹೆಣ್ಮಕ್ಕಳ ಹದಾ!" ಅಂತ ಯಾರೋ ಅಂದ್ರು. ಕಟ್ಟಿ ತುಂಬ ನಕ್ರು. ನಾ ಬಾಯಿ ಬಿಡಲಿಲ್ಲ. ಜೋಳ ಚಲೋ ಬಂದಿತ್ತಲ್ಲ, ಹೊಲಾ ನಮಗೇ ಉಳೀತು.