ಮಾವನಿಗೆ ನಾನು ಕೊಟ್ಟ ನೋವಿನ ಮಾತ್ರೆ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೆರಡು ದಿನವಿತ್ತು. ಹನುಮಂತನಗರದ ನಮ್ಮ ಮನೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಎದ್ದವರೇ ಗೋಡೆ ಹಿಡಿದುಕೊಂಡರು. "ತಲೆ ಸುತ್ತುತ್ತಮ್ಮ" ಎಂದರು. ಅವರಿಗೆ ಎಪ್ಪತ್ತೆಂಟು. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾ ಮೂರು ವರ್ಷವಾಗಿತ್ತು. ನನ್ನ ಗಂಡ ಆಫೀಸಿಗೆ ಹೋಗಿಯಾಗಿತ್ತು. ಆಟೋ ಹಿಡಿದು ನಾನೇ ಗಾಂಧಿಬಜಾರಿನ ನಮ್ಮ ಮಾಮೂಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಹಳೇ ಡಾಕ್ಟರ ಜಾಗದಲ್ಲಿ ಈಗ ಅವರ ಮಗಳು ಕೂರುತ್ತಾರೆ. ನಾನು ಗಣಿತದ ಟೀಚರ್. ಎದುರಿಗಿರುವವರನ್ನು ಬಿಟ್ಟು ಕಂಪ್ಯೂಟರ್ ನೋಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಕೆ ಬಿಪಿ ನೋಡಿ, ಎಲ್ಲ ಟೈಪ್ ಮಾಡಿ, ಸ್ಕ್ರೀನನ್ನೇ ನೋಡುತ್ತಾ ಕೇಳಿದರು.

"ಬೇರೆ ಯಾವ್ದಾದ್ರೂ ಮಾತ್ರೆ ತಗೊಳ್ತಿದಾರಾ?"

"ಏನೂ ಇಲ್ಲ ಡಾಕ್ಟ್ರೇ" ಎಂದೆ, ಸ್ವಲ್ಪ ಗಡುಸಾಗಿಯೇ.

"ರಕ್ತ ತೆಳು ಮಾಡೋ ಮಾತ್ರೆ ಇದೆ, ತಲೆ ಸುತ್ತು, ಬಿಪಿನೂ ಕಮ್ಮಿ. ನೋವಿನ ಮಾತ್ರೆ ಬಗ್ಗೆ ಇನ್ನೊಂದ್ಸಲ ಕೇಳಿ ಅಂತ ಈ ಕಂಪ್ಯೂಟರ್ ತೋರಿಸ್ತಿದೆ" ಎಂದು ಆಕೆ ಕುರ್ಚಿ ತಿರುಗಿಸಿ ಮಾವನನ್ನೇ ಕೇಳಿದರು.

ಮಾವ ನನ್ನ ಮುಖ ನೋಡಿದರು. "ಮಂಡಿಗೆ ಅಂತ ಒಂದು ಕೊಡ್ತೀಯಲ್ಲಮ್ಮ, ಊಟ ಆದ್ಮೇಲೆ."

ಅದು ನನ್ನ ಮಂಡಿನೋವಿಗೆ ಬರೆದುಕೊಟ್ಟಿದ್ದ ಮಾತ್ರೆ. ನಮ್ಮ ಮನೆಯಲ್ಲಿ ಎಲ್ಲರ ಮಾತ್ರೆಗೂ ಒಂದೇ ಡಬ್ಬಿ. ಪಕ್ಕದ ಮನೆಗೆ ಒಂದು ಲೋಟ ಕಾಫಿಪುಡಿ ಕೊಟ್ಟ ಹಾಗೆ ಹತ್ತು ದಿನದಿಂದ ಅವರಿಗೂ ಕೊಡುತ್ತಿದ್ದೆ. ಅದೂ ಔಷಧಿ ಎಂದು ನನಗೆ ಹೊಳೆದೇ ಇರಲಿಲ್ಲ.

"ಮೋಷನ್ ಕಪ್ಪಗೆ ಹೋಗ್ತಿದೆಯಾ ಅಂಕಲ್?"

"ನಾಲ್ಕು ದಿನದಿಂದ. ಸೊಸೆ ಹತ್ರ ಹೆಂಗಮ್ಮ ಹೇಳೋದು."

ಎರಡೂ ಮಾತ್ರೆ ಸೇರಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಈಗಲೇ ಹೊರಡಿ ಎಂದು ಆಕೆಯೇ ಆಸ್ಪತ್ರೆಗೆ ಫೋನ್ ಮಾಡಿದರು. ಅವರ ಅನುಮಾನ ನಿಜವಾಗಿತ್ತು. ರಕ್ತ ಕೊಟ್ಟರು, ಹೊಟ್ಟೆಗೆ ನಳಿಕೆ ಇಳಿಸಿ ಸೋರಿಕೆ ನಿಲ್ಲಿಸಿದರು. ಹಬ್ಬದ ದಿನ ಸಂಜೆ, ಇನ್ನು ಭಯವಿಲ್ಲ ಎಂದಾಗ ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ವಾರದ ನಂತರ ರಿಪೋರ್ಟು ತೋರಿಸಲು ಹೋದಾಗ, ಕಂಪ್ಯೂಟರ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ.

"ನಂಗೂ ಹೊಳೀತಿತ್ತೇನೋ. ಆದ್ರೆ ಹೊರಗೆ ಅಷ್ಟು ಜನ ಕಾಯ್ತಿದ್ರು, ನೀವು ಬೇರೆ ಇಲ್ಲ ಅಂದ್ಬಿಟ್ರಿ. ಅದು ಕೇಳು ಅಂತ ನೆನಪು ಮಾಡ್ತು ಅಷ್ಟೆ. ನಿಮ್ಮಾವ ಬಾಯಿ ಬಿಡದೆ ಇದ್ದಿದ್ರೆ ಅದಾದ್ರೂ ಏನ್ ಮಾಡ್ತಿತ್ತು?"

ಅವತ್ತು ಸಂಜೆ ಮನೆಯಲ್ಲಿ ಗಂಡ ಮೊದಲ ಸಲ ಕೇಳಿದರು, "ಅಪ್ಪಾ, ಆ ಮಾತ್ರೆ ಯಾರು ಕೊಟ್ಟಿದ್ದು?"

"ನಾನೇ ತಗೊಂಡೆ ಕಣೋ" ಎಂದರು ಮಾವ, ತಲೆ ಎತ್ತದೆ.

ತಡೆಯಲಾಗಲಿಲ್ಲ. "ಇಲ್ಲಾರೀ, ನಾನೇ ಕೊಟ್ಟಿದ್ದು" ಎಂದೆ.

ಗಂಡ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮಾವ, "ಸರಿ, ಈಗ ಮಜ್ಜಿಗೆ ಅನ್ನ ಕೊಡ್ತೀಯಾ, ಅದಕ್ಕೂ ಕಂಪ್ಯೂಟರ್ ಕೇಳ್ಬೇಕಾ?" ಎಂದರು.

ನಕ್ಕೆವು. ನನಗಾಗಿ ಸುಳ್ಳು ಹೇಳಿದ ಆ ಜೀವ ಇವತ್ತಿಗೂ ನಮ್ಮ ಜೊತೆ ಊಟಕ್ಕೆ ಕೂರುತ್ತದೆ. ಬಡಿಸುವಾಗ ಪ್ರತಿ ಸಲವೂ ನನಗೆ ಎದೆ ಹಗುರಾಗುತ್ತದೆ.