ಅಕ್ಕ ನಡೆಯುವುದನ್ನು ಬಿಟ್ಟದ್ದು

ನನ್ನನ್ನು ಸಾಕಿ ಓದಿಸಿದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಮಗಳನ್ನೂ ನನ್ನನ್ನೂ ಕರೆದುಕೊಂಡು ಹರಪನಹಳ್ಳಿಗೆ ಬಂದು, ದಿನವೆಲ್ಲ ರೊಟ್ಟಿ ಬಡಿದು, ಮನೆಮನೆಗೆ ಹೊತ್ತು ಕೊಟ್ಟು ಬರುತ್ತಿದ್ದಳು. ನನಗೆ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿದ್ದೇ ತಡ, ಇನ್ನು ಆರಾಮಾಗಿ ಕೂತಿರು ಅಂದೆ. ಅವಳು ಕೂತಳು. ಎರಡು ಮೂರು ವರ್ಷದಲ್ಲಿ ಮೈ ಬಂತು, ಬಾಯಾರಿಕೆ ಹೆಚ್ಚಿತು, ಪಾದ ಜೋಮು ಹಿಡಿಯತೊಡಗಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಬರೆದುಕೊಟ್ಟು, ದಿನಾ ಒಂದು ತಾಸು ಬಿರುಸಾಗಿ ನಡೆಯಬೇಕೆಂದರು. ಅದು ತೊಂಬತ್ತರ ದಶಕದ ಕೊನೆ.

ಹೊಲಕ್ಕೋ ಸಂತೆಗೋ ನಡೆಯುವುದು ಅಕ್ಕನಿಗೆ ಗೊತ್ತಿತ್ತು. ಕೆಲಸವಿಲ್ಲದೆ ನಡೆಯುವುದು ಗೊತ್ತಿರಲಿಲ್ಲ. ಹತ್ತನೇ ತರಗತಿಯ ಹುಡುಗರಿಗೆ ಹೇಳುವಂತೆ ಅವಳಿಗೂ ಹೇಳಿದೆ: ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿರುತ್ತವೆ, ಕಾಲು ದುಡಿದರೆ ಅವು ರಕ್ತದ ಸಕ್ಕರೆಯನ್ನು ತರಿಸಿಕೊಂಡು ಉರಿಸುತ್ತವೆ.

"ಅಂದ್ರ, ನಾನು ಕುಂತು ಒಲಿ ಆರಿಸಿಕೊಂಡೀನಿ ಅನ್ನು" ಎಂದು ನಕ್ಕಳು.

ಮರುದಿನವೇ ನನ್ನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಾಗಳಿ ರಸ್ತೆ ಹಿಡಿದಳು. ಸೀರೆಯ ಕೆಳಗೆ ಬೂಟು ನೋಡಿದವರು ನಗುತ್ತಿದ್ದರು. ಅವಳು ಬಿಡಲಿಲ್ಲ. ಐದಾರು ತಿಂಗಳಿಗೆ ಸಕ್ಕರೆ ಇಳಿಯಿತು, ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ನಡೆದು ಬಂದವಳು ಬೆವರು ಒರೆಸಿಕೊಳ್ಳುತ್ತಾ ಮಗಳ ಜೊತೆ ಹಾಸ್ಯ ಮಾಡುತ್ತಿದ್ದಳು. ಅವಳನ್ನು ಅಷ್ಟು ಹಗುರಾಗಿ ನಾನು ಕಂಡದ್ದು ಆ ದಿನಗಳಲ್ಲೇ.

ಆಗ ಕೊಟ್ಟೂರಿನಿಂದ ಮಗಳಿಗೆ ಸಂಬಂಧ ಬಂತು. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಾಗಿತ್ತು. ಆದರೆ ಅವರ ಕಡೆಯ ಹಿರಿಯರೊಬ್ಬರು ಬಾಗಳಿಗೆ ಹೋಗುವಾಗ ಬಸ್ಸಿನಿಂದ ಅಕ್ಕನನ್ನು ನೋಡಿದ್ದರಂತೆ. ಗಂಡನಿಲ್ಲದ ಹೆಂಗಸು ಬೂಟು ಹಾಕಿಕೊಂಡು ಒಬ್ಬಳೇ ರಸ್ತೆ ಅಳೆಯುತ್ತಾಳೆ ಎಂಬ ಮಾತು ಮಧ್ಯಸ್ಥರ ಬಾಯಿಂದ ನನಗೆ ಬಂತು.

ಅಕ್ಕನ ಎದುರು ನಿಂತು, "ಮದುವಿ ಮುಗಿಯೋತನ ನಡಿಯೋದು ಬಿಡು" ಅಂದೆ.

"ನೀನೂ ಹಂಗ ಅಂತೀಯೇನು?"

"ಹೂಂ" ಅಂದೆ.

ಮರುದಿನದಿಂದ ಅವಳು ಬೂಟು ಹಾಕಲಿಲ್ಲ. ಮದುವೆ ಆಯಿತು. ಇನ್ನು ನಡೆಯಬಹುದಲ್ಲ ಎಂದು ಒಂದೆರಡು ಸಲ ಹೇಳಿದೆ. ಮಗಳು ಅದೇ ಮನೆಯಲ್ಲಿ ಬಾಳ್ವೆ ಮಾಡಬೇಕು, ಬೇಡ ಬಿಡು ಎಂದಳು. ಜೊತೆಗೆ ನಾನು ಬರುತ್ತೇನೆ ನಡಿ ಅಂದಿದ್ದರೆ ಎದ್ದು ಬರುತ್ತಿದ್ದಳೇನೋ. ಬೆಳಿಗ್ಗೆ ನನಗೆ ಟ್ಯೂಷನ್ ಇತ್ತು. ಅನ್ನಲಿಲ್ಲ.

ಸಕ್ಕರೆ ಮತ್ತೆ ಏರಿತು. ಎರಡು ವರ್ಷದ ಮೇಲೆ ಹಿಮ್ಮಡಿಯಲ್ಲಿ ಆದ ಗಾಯ ಅವಳಿಗೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಕೀವು ಮೇಲಕ್ಕೆ ಹತ್ತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನು ತೆಗೆದರು. ಒಂದು ವರ್ಷ ತುಂಬುವ ಮೊದಲೇ ಹೋಗಿಬಿಟ್ಟಳು.

ಆ ಮೈಟೊಕಾಂಡ್ರಿಯಗಳೇ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನಿನ ತುಣುಕುಗಳನ್ನು ಮಾಡುತ್ತವೆ, ವ್ಯಾಯಾಮದಿಂದ ಅವುಗಳಲ್ಲಿ ಕೆಲವು ಹೆಚ್ಚುತ್ತವೆ, ರಕ್ತದ ಸಕ್ಕರೆ ಹದದಲ್ಲಿಡಲು ಅವೂ ನೆರವಾಗಬಹುದು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಇದು ನನ್ನ ಪಾಠದಲ್ಲಿ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು? ನಡೆದರೆ ಅಕ್ಕ ಉಳಿಯುತ್ತಾಳೆ ಎನ್ನುವಷ್ಟು ಆಗಲೂ ನನಗೆ ಗೊತ್ತಿತ್ತು.

ಅಕ್ಕನ ಮೊದಲ ವರ್ಷದ ತಿಥಿ ಮುಗಿದ ಮೇಲೆ ಕೊಟ್ಟೂರಿಗೆ, ಅವಳ ಮಗಳ ಮನೆಗೆ ಹೋಗಿದ್ದೆ. ಅವ್ವ ಮಂಡಿನೋವೆಂದು ನಡೆಯುವುದನ್ನು ಬಿಟ್ಟಳು ಎಂದೇ ಮಗಳು ನಂಬಿದ್ದಳು. ಅಕ್ಕ ಹಾಗೆ ಹೇಳಿದ್ದಳಂತೆ.

"ಮಂಡಿ ಅಷ್ಟು ನೋವಿತ್ತೇನು ಮಾಮ? ನನಗೊಂದಿನಾನೂ ತೋರಿಸ್ಲಿಲ್ಲ."

ಇಲ್ಲ, ನಾನು ಬಿಡಿಸಿದೆ ಅಂದೆ. ಯಾಕೆಂದೂ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಒಳಗೆ ಕೂತಿದ್ದ ತನ್ನ ಗಂಡನ ತಂದೆಯ ಕಡೆ ನೋಡಿದಳು, ಎದ್ದು ಅಡಿಗೆಮನೆಗೆ ಹೋದಳು. ನಾನು ಬಸ್ಸಿಗೆ ಹೊರಡುವವರೆಗೂ ಆಚೆ ಬರಲಿಲ್ಲ.