ಅಣಬೆ ಹೆಕ್ಕಿದವರ ಮೊದಲ ತುತ್ತು

ಗಂಡನ ತಾಯಿಯನ್ನು ನಮ್ಮ ಕಡೆ ಮಾಮಿ ಎಂದು ಕರೆಯುವುದು. ನನ್ನ ಮಾಮಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಸಾಕು, "ಮಗಳ ಬಾಣಂತನ ಮುಗಿಯಲಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮಗಳು, ಅಂದರೆ ನನ್ನ ನಾದಿನಿ, ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಆಷಾಢದ, ನಮ್ಮ ಕಡೆಯ ಆಟಿ ತಿಂಗಳ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ಬೆಳಿಗ್ಗೆ ಎದ್ದವಳೇ ಅಣಬೆ ಗಸಿ ತಿನ್ನಬೇಕು ಎಂದಳು. ಬಸುರಿಯ ಬಯಕೆಗೆ ಇಲ್ಲ ಎನ್ನುವುದುಂಟೇ? ಮಾಮಿ ಬುಟ್ಟಿ ಹಿಡಿದು ಹೊರಟೇಬಿಟ್ಟರು. ಕಣ್ಣು ಕಾಣದವರನ್ನು ಒಬ್ಬರೇ ಕಳಿಸಲಾಗದೆ ನಾನೂ ಹೊರಟೆ.

ನೆರಿಯದಲ್ಲಿ ನಮ್ಮ ಮನೆಯ ಹಿಂದೆಯೇ ಕಾಡು ಶುರುವಾಗುತ್ತದೆ. ಮಾಮಿ ಐವತ್ತು ವರ್ಷದಿಂದ ಅಲ್ಲಿ ಅಣಬೆ ಹೆಕ್ಕಿದವರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಬೋರ್ಡಿನ ಮೇಲೆ ಅಣಬೆ ಬಿಡಿಸಿ, ಬಾಣ ಹಾಕಿ, ಭಾಗಗಳ ಹೆಸರು ಬರೆಯಬಲ್ಲೆ. ಕಾಡಿನ ಅಣಬೆಗೆ ಯಾರೂ ಬಾಣ ಹಾಕಿಟ್ಟಿರುವುದಿಲ್ಲ.

"ಆಕಾರ ನಂಗೆ ಕೈಗೇ ಗೊತ್ತಾಗ್ತದೆ. ಬಣ್ಣ ಮಾತ್ರ ಗೊತ್ತಾಗುದಿಲ್ಲ ಮಾರಾಯ್ತಿ. ಒಂದೊಂದನ್ನೂ ಕೊಡೆ ಮಗುಚಿ ಅಡಿ ನೋಡು. ಬಿಳಿ ಇದ್ರೆ ಆದೀತು, ಚೂರು ಕೆಂಪು ತಿರುಗಿದ್ರೂ ಆದೀತು. ಹಸುರು ಕಂಡ್ರೆ ಬಿಸಾಡು," ಎಂದರು ಮಾಮಿ.

ಹುತ್ತದ ಬುಡದಲ್ಲಿ ಅಣಬೆಗಳು ಎದ್ದಿದ್ದವು. ಹುತ್ತದ ಅಣಬೆಗೆ ಉದ್ದದ ಬೇರಿನಂಥದ್ದೊಂದು ಒಳಗಿನ ತನಕ ಇಳಿದಿರುತ್ತದೆ. ಅದನ್ನು ಕಂಡರೆ ಮತ್ತೆ ಅನುಮಾನವಿಲ್ಲ. ಆದರೆ ಹುತ್ತವೆಂದರೆ ನಾಗನ ಜಾಗ. ಅಲ್ಲಿ ಕತ್ತಿ ಹಾಕುವುದಿಲ್ಲ, ಕೆದಕುವುದಿಲ್ಲ. ನಮ್ಮವರು ನೆಲಮಟ್ಟದಲ್ಲಿ ಮೆಲ್ಲಗೆ ಮುರಿದುಕೊಳ್ಳುತ್ತಾರೆ, ಬೇರು ನಾಗನಿಗೇ ಉಳಿಯುತ್ತದೆ. ಹಾಗಾಗಿ ಬುಟ್ಟಿಗೆ ಬಿದ್ದ ಮೇಲೆ ಯಾವುದು ಹುತ್ತದ್ದು, ಯಾವುದು ಬೇರೆ ಕಡೆಯದ್ದು ಎಂದು ಕೇಳಿದರೆ ಹೇಳುವವರಿಲ್ಲ.

ಕಣ್ಣು ಮಂಜಾದ ಮಾಮಿ ಅರ್ಧ ಬುಟ್ಟಿ ತುಂಬಿಸಿದ್ದರು. ನನ್ನ ಕೈಗೆ ಒಂದೂ ಸಿಕ್ಕಿರಲಿಲ್ಲ. ನನಗೆ ಉರಿಯಿತು. ಸ್ವಲ್ಪ ಆಚೆ, ರಬ್ಬರ್ ತೋಟದ ಅಂಚಿನ ಹುಲ್ಲಿನಲ್ಲಿ ನಾಲ್ಕು ದೊಡ್ಡ ಬಿಳಿ ಕೊಡೆಗಳು ಕಂಡವು. ಹೋಗಿ ಮುರಿದು ತಂದು ಬುಟ್ಟಿಗೆ ಹಾಕಿದೆ. ಅಷ್ಟರಲ್ಲಿ ಮಳೆ ಹನಿಯತೊಡಗಿತು, ಕಾಲಿಗೆ ಇಂಬಳ ಹತ್ತಿ ರಕ್ತ ಹೀರುತ್ತಿತ್ತು.

"ಎಲ್ಲ ಮಗುಚಿ ನೋಡಿದ್ಯಾ?"

"ನೋಡ್ದೆ ಮಾಮಿ. ಹೋಗುವ, ಮಳೆ ಬಂತು."

ಒಂದನ್ನೂ ನೋಡಿರಲಿಲ್ಲ.

ಮನೆಗೆ ಬಂದ ಮೇಲಾದರೂ ನೋಡಬಹುದಿತ್ತು. ನಾನು ಇಂಬಳ ಕಿತ್ತು, ಕಾಲಿಗೆ ಸುಣ್ಣ ಹಚ್ಚಿಕೊಂಡು ಮೀಯಲು ಹೋದೆ. ಮಾಮಿ ಕೈಯಲ್ಲೇ ತಡವಿ, ಹುಳ ಹಿಡಿದದ್ದನ್ನು ತೆಗೆದುಹಾಕಿ, ಹೆಚ್ಚಿ, ತೆಂಗಿನಕಾಯಿ ಅರೆದು ಗಸಿ ಮಾಡಿದ್ದರು. ನಾನು ತಲೆ ಒರೆಸುತ್ತಾ ಒಳಗೆ ಬರುವಾಗ ಮಣೆಯ ಮುಂದೆ ಒಂದು ತಟ್ಟೆ ಬಡಿಸಿ ಇಟ್ಟಿತ್ತು.

ಈ ಮನೆಯಲ್ಲಿ ಒಂದು ಕ್ರಮವಿದೆ. ಕಾಡಿನ ಅಣಬೆ ಬೇಯಿಸಿದ ದಿನ, ಗುರುತು ಹಿಡಿದು ಹೆಕ್ಕಿದವರು ಮೊದಲು ತಿನ್ನಬೇಕು. ಉಳಿದವರಿಗೆ ಬಡಿಸುವುದು ಒಂದು ಹೊತ್ತು ಕಳೆದ ಮೇಲೆ. ಕೆಲವು ವಿಷ ಮರುದಿನದವರೆಗೂ ಸುಮ್ಮನಿರುತ್ತದೆ, ಈ ಪರೀಕ್ಷೆಯನ್ನು ನಂಬಿ ಕೂರಲಾಗದು ಎಂದು ನಾನು ಓದಿದ್ದೆ. ಆದರೆ ಪ್ರತಿ ವರ್ಷ ತಿನ್ನುತ್ತಿದ್ದವರು ಮಾಮಿ. ನಾನು ಬಾಯಿ ಬಿಟ್ಟಿರಲಿಲ್ಲ.

"ಇವತ್ತು ಬಣ್ಣ ನೋಡಿದ್ದು ನೀನು. ಕೂತ್ಕೋ," ಎಂದರು.

ಕೂತೆ. ಹಸಿ ಮೆಣಸಿನ, ಕಾಯಿಯ ಘಮ ಮೂಗಿಗೆ ಬಡಿಯುತ್ತಿತ್ತು. ಕೈ ತಟ್ಟೆಗೆ ಹೋಗಲಿಲ್ಲ. ನಾನು ನೋಡಲಿಲ್ಲ ಮಾಮಿ, ಇಷ್ಟೇ ಹೇಳಬೇಕಾಗಿದ್ದದ್ದು. ಮಾಮಿ ಸ್ವಲ್ಪ ಹೊತ್ತು ಕಾದರು.

"ಹೆದ್ರಿಕೆಯಾ? ಮಕ್ಕಳಿಗೆ ಪಾಠ ಮಾಡುವವಳು! ಸರಿ, ಬಿಡು," ಎಂದು ನಗಾಡುತ್ತಾ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ತಿಂದರು.

ನಾನು ನೋಡುತ್ತಾ ಕೂತಿದ್ದೆ. ಒಂದು ತುತ್ತು, ಎರಡು ತುತ್ತು, ಮೂರು. ಈಗ ಬರೆಯುವಾಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾಲ್ಕನೇ ತುತ್ತಿಗೆ ಎದ್ದು ಹಿತ್ತಿಲಿಗೆ ಓಡಿದೆ. ಬಾಳೆಯ ಬುಡದಲ್ಲಿ ಮಾಮಿ ತೆಗೆದುಹಾಕಿದ ಹುಳುಕಿನ ರಾಶಿ ಇತ್ತು. ಕೆದಕಿದೆ. ನಾನು ತಂದ ನಾಲ್ಕರಲ್ಲಿ ಒಂದು ಅಲ್ಲಿ ಬಿದ್ದಿತ್ತು. ಮಗುಚಿದೆ. ಅಡಿ ತಿಳಿ ಹಸುರು. ಉಳಿದ ಮೂರು ಪಾತ್ರೆಯಲ್ಲಿದ್ದವು.

ಒಳಗೆ ಬಂದರೆ ಚಾವಡಿಯಲ್ಲಿ ಮಲಗಿದ್ದ ನಾದಿನಿ ಎದ್ದು ಬಂದು ಒಲೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಸೌಟು. "ಒಂದು ಚೂರು ರುಚಿ ನೋಡ್ತೇನೆ ಅತ್ತಿಗೆ, ತಡೆಯುದಿಲ್ಲ ನಂಗೆ," ಎಂದಳು. ಸೌಟು ತುಟಿಯ ಹತ್ತಿರ ಹೋಗಿತ್ತು. ನಾನು ಅವಳ ಕೈಗೆ ಹೊಡೆದೆ. ಸೌಟು ಹಾರಿ ಗಸಿ ಅವಳ ಹೊಟ್ಟೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಅವಳು ಅಳತೊಡಗಿದಳು.

"ತಿಂದ್ಯಾ? ಹೇಳು, ತಿಂದ್ಯಾ?"

ತಿಂದಿರಲಿಲ್ಲ.

"ಹಸುರು ಸೇರಿದೆ ಮಾಮಿ," ಎಂದೆ. ಮಾಮಿ ಕೈ ತೊಳೆಯುತ್ತಿದ್ದವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು.

ಗಂಡ ಕೆಲಸದ ಮೇಲೆ ಕಾರು ತೆಗೆದುಕೊಂಡು ಬಂಟ್ವಾಳಕ್ಕೆ ಹೋಗಿದ್ದರು. ಕೆಳಗಿನ ಮನೆಯ ರಿಕ್ಷಾ ಬಂತು. ನಾದಿನಿಯೂ ಬಿಡದೆ ಹತ್ತಿದಳು. ಆ ಹಸುರು ಅಣಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅರ್ಧ ದಾರಿಯಲ್ಲಿ ಮಾಮಿಗೆ ವಾಂತಿ ಶುರುವಾಯಿತು. ಬೆಳ್ತಂಗಡಿ ಮುಟ್ಟುವಾಗ ಕೈಕಾಲು ತಣ್ಣಗಾಗಿ, ಕತ್ತು ನನ್ನ ಹೆಗಲ ಮೇಲೆ ಬಿದ್ದಿತ್ತು. ಧರ್ಮಸ್ಥಳದಿಂದ ಮರಳುವ ಬಸ್ಸುಗಳ ಸಾಲಿನ ಹಿಂದೆ ರಿಕ್ಷಾ ನಿಂತಾಗ ನಾನು ಯಾವ ಯಾವ ದೇವರಿಗೆ ಏನೇನು ಹರಕೆ ಹೇಳಿಕೊಂಡೆನೋ ನೆನಪಿಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಡಾಕ್ಟರು ಚೀಲ ಬಿಚ್ಚಿ ನೋಡಿ, "ಯಾರು ಗುರುತು ಹಿಡಿದದ್ದು ಇದನ್ನು?" ಎಂದು ಕೇಳಿದರು. ಅಷ್ಟರಲ್ಲಿ ಗಂಡನೂ ಬಂದು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ನಾದಿನಿ. ನಾನು ಬಾಯಿ ತೆರೆದೆ.

"ನಾನೇ," ಎಂದರು ಮಾಮಿ, ಕಣ್ಣು ಮುಚ್ಚಿಕೊಂಡೇ. "ಕಣ್ಣು ಕಾಣುದಿಲ್ಲ ನಂಗೆ."

ನಾನು ಬಾಯಿ ಮುಚ್ಚಿದೆ.

ಮೂರನೇ ದಿನ ಮಾಮಿ ಮನೆಗೆ ಬಂದರು. ನಾದಿನಿಗೆ ಹೆಣ್ಣು ಮಗು ಹುಟ್ಟಿತು. ಮಾಮಿಯ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆದರೆ ಅಣಬೆಯ ಮಾತು ಬಂದಾಗಲೆಲ್ಲ ನೆಂಟರು, ನೆರೆಯವರು, ಕೊನೆಗೆ ಹೆತ್ತ ಮಕ್ಕಳೂ ಮಾಮಿಯನ್ನು ನೋಡಿ ನಗಾಡುತ್ತಿದ್ದರು. ಐವತ್ತು ವರ್ಷ ಈ ಮನೆಗೆ ಕಾಡಿನಿಂದ ತಂದು ಉಣಿಸಿದವರು ಮಗಳಿಗೇ ವಿಷ ಬಡಿಸಲು ಹೊರಟವರಾದರು. ಹಿತ್ತಿಲ ಗೇಟು ದಾಟಲೂ ಗಂಡ ಬಿಡುತ್ತಿರಲಿಲ್ಲ. ನಾನು ಎಲ್ಲರಿಗೂ ಚಹಾ ಕೊಡುತ್ತಾ ಓಡಾಡುತ್ತಿದ್ದೆ.

ಈ ವರ್ಷದ ಆಟಿಯಲ್ಲಿ, ಎಲ್ಲರೂ ಗಂಜಿಗೆ ಕೂತಿದ್ದಾಗ ಮಾಮಿ, "ನಾಳೆ ಒಮ್ಮೆ ಕಾಡಿಗೆ ಹೋಗಿ ಬರ್ತೇನೆ. ಈಗ ಕಣ್ಣು ಚೆನ್ನಾಗಿ ಕಾಣ್ತದಲ್ಲ," ಎಂದರು.

"ಹೋದ ವರ್ಷ ಮಾಡಿದ್ದು ಸಾಕಾಗ್ಲಿಲ್ವಾ ಅಮ್ಮ?" ಎಂದರು ಗಂಡ. ಆಟಿಗೆಂದು ತವರಿಗೆ ಬಂದಿದ್ದ ನಾದಿನಿ ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ನಕ್ಕಳು.

ಮಾಮಿ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಗಂಜಿಯ ಬಟ್ಟಲನ್ನು ಕೆಳಗಿಟ್ಟೆ.

"ಅವತ್ತು ಆ ಅಣಬೆ ತಂದದ್ದು ನಾನು," ಎಂದೆ. "ಅಡಿ ನೋಡು ಅಂತ ಮಾಮಿ ಹೇಳಿದ್ರು. ನಾನು ನೋಡ್ಲೇ ಇಲ್ಲ, ನೋಡಿದ್ದೇನೆ ಅಂತ ಸುಳ್ಳು ಹೇಳಿದೆ. ಅವರು ತಿನ್ನುವಾಗಲೂ ಸುಮ್ಮನಿದ್ದೆ."

ನಾದಿನಿ ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ಗಂಡ ನನ್ನನ್ನೇ ನೋಡುತ್ತಿದ್ದರು.

ಮಾಮಿ ಉಪ್ಪಿನಕಾಯಿಯ ಭರಣಿಯನ್ನು ಹತ್ತಿರ ಎಳೆದುಕೊಂಡರು. "ಒಂದು ವರ್ಷ ಬೇಕಾಯ್ತು ನಿಂಗೆ," ಎಂದು ಹೇಳಿ ಉಣ್ಣತೊಡಗಿದರು.